ಎರೆಹೊಲದ ಮಸುಕು ಚಿತ್ರ

ರವಿವಾರ ಬಂತೆಂದರೆ ನಾವು ಮೂವರು ಕ್ಯಾಮೆರಾ ಹೆಗಲಿಗೇರಿಸಿ ಬಳ್ಳಾರಿ ಬಿಡುತ್ತೇವೆ. ಅದಿರು ತುಂಬಿದ ಗೂಡ್ಸ್ ರೈಲುಗಳನ್ನು ಹಳಿಯ ಪಕ್ಕ ಕಾದು ತೆಗೆದಿದ್ದೇವೆ. ಕುರುಗೋಡಿನ ಬಂಡೆಗುಡ್ಡಗಳ ಮೇಲೆ ನಕ್ಷತ್ರಗಳಿಗಾಗಿ ರಾತ್ರಿಯಿಡೀ ಕುಳಿತಿದ್ದೇವೆ. ಮನೆಯವರಿಗೆ ಇದು ದುಡ್ಡು ಹಾಳು ಮಾಡುವ ಹುಚ್ಚು, ಪೂರ್ತಿ ಸುಳ್ಳೇನಲ್ಲ.

ಆದರೆ ನಮ್ಮನ್ನು ಕಾಡುತ್ತಿರುವುದು ಎರೆಭೂತ. ಸಿರುಗುಪ್ಪವೆಂದರೆ ತುಂಗಭದ್ರೆ ಕಾಲುವೆಯ ಭತ್ತದ ಗದ್ದೆಗಳೇ ನೆನಪಾಗುತ್ತವೆ. ಕಾಲುವೆ ನೀರು ಹತ್ತದ ಎರೆಹೊಲಗಳೂ ಅಲ್ಲಿವೆ. ಜೋಳ, ಕಡಲೆಯ ಆ ಬಯಲೇ ಈ ಹಕ್ಕಿಗೆ ಬೇಕು. ಸುಮಾರು ಒಂದು ಮೀಟರ್ ಎತ್ತರ, ಗಂಡಿನ ತೂಕ 15 ಕಿಲೋವರೆಗೆ. ಬರಿನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ. ಅಷ್ಟು ಭಾರದ ಹಕ್ಕಿಗೆ ಎದುರಿನ ವಿದ್ಯುತ್ ತಂತಿ ಬೇಗ ಕಾಣುವುದಿಲ್ಲ. ಕಂಡರೂ ತಟ್ಟನೆ ತಿರುಗಲಾಗದೆ ಬಡಿದು ಸಾಯುತ್ತದೆ. 2011ರಲ್ಲೇ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಕರ್ನಾಟಕದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಒಂದು ಬೆಳಿಗ್ಗೆ ಅದು ಕಂಡಿತು. ಬಿಸಿಲ ಝಳದಲ್ಲಿ ನಡುಗುವ ಬೂದುಬಣ್ಣದ ಆಕೃತಿ, ಮೇಲೊಂದು ಬಿಳಿಯ ಕುತ್ತಿಗೆ. ಚಿತ್ರ ಮಸುಕಾಗಿಯೇ ಬಂತು. ಇನ್ನೂ ನೂರು ಹೆಜ್ಜೆ ಹೋದರೆ ಸ್ಪಷ್ಟವಾಗಿ ಸಿಗುತ್ತಿತ್ತು. ನಮ್ಮಲ್ಲೊಬ್ಬ ಹೊರಟೂಬಿಟ್ಟ.

"ಮೊಟ್ಟಿ ಇಟ್ಟಿದ್ರ ಏನ್ ಮಾಡ್ತೀರಪ್ಪಾ? ಮುಂದಕ ಹೋಗಬ್ಯಾಡ್ರಿ" ಎಂದರು ಹೊಲದ ಅಜ್ಜ.

ನಾಚಿಕೆಯಾಯಿತು. ಅಲ್ಲಿಂದಲೇ ಹಿಂತಿರುಗಿದೆವು.

ಚಿತ್ರ ನೋಡಿದವರೆಲ್ಲ ಮೊದಲು ಕೇಳುವುದು, "ಯಾವ ಊರಿನ ಹೊಲ?" ಸಿರುಗುಪ್ಪ ತಾಲ್ಲೂಕು ಎನ್ನುತ್ತೇವೆ, ಅಷ್ಟೇ. ಹತ್ತು ಕ್ಯಾಮೆರಾ, ನಾಲ್ಕು ಜೀಪು ಅಲ್ಲಿಗೆ ನುಗ್ಗುವುದು ನಮಗೆ ಬೇಡ. ಇದರಿಂದ ಹಳೆಯ ಗೆಳೆಯನೊಬ್ಬ ಮುನಿಸಿಕೊಂಡು ಮಾತು ಬಿಟ್ಟಿದ್ದಾನೆ. ಈ ಹಬ್ಬಕ್ಕೂ ಮನೆಗೆ ಬರಲಿಲ್ಲ. ಅವನಿಗಾದರೂ ಹೇಳಬಹುದಿತ್ತೇ ಎಂದು ಮೂವರೂ ಇನ್ನೂ ಜಗಳವಾಡುತ್ತೇವೆ.