ಮಂಗಳೂರಿನ ಅಕ್ಕಿ, ದ್ವೀಪದ ಮೀನು

ಲಕ್ಷದ್ವೀಪವೆಂಬ ಹೆಸರಿನಲ್ಲಿ ಲಕ್ಷವಿದ್ದರೂ ದ್ವೀಪಗಳನ್ನು 36 ಎಂದು ಎಣಿಸುವುದು ವಾಡಿಕೆ. ಜನವಸತಿಯಿರುವುದು ಹತ್ತರಲ್ಲಿ ಮಾತ್ರ. ನೆಲವನ್ನೆಲ್ಲ ಒಟ್ಟುಗೂಡಿಸಿದರೂ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 64,473. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳ ಭೇಟಿಯ ಚಿತ್ರಗಳು ಪ್ರಕಟವಾದಂದಿನಿಂದ ಈ ಪುಟ್ಟ ನೆಲದತ್ತ ಪ್ರವಾಸಿಗಳ ಕಣ್ಣು ಹೊರಳಿದೆ.

ಕನ್ನಡ ಕರಾವಳಿಗೆ ಮಾತ್ರ ಈ ದ್ವೀಪಗಳು ಹೊಸ ನೆಂಟರಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪುಸುಲ್ತಾನನ ಕೈಸೇರಿದುವು. 1799ರಲ್ಲಿ ಅವನು ಮಡಿದ ಮೇಲೆ ಕಂಪನಿಯ ವಶವಾಗಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮಂಗಳೂರಿನಿಂದಲೇ ಆಳಲ್ಪಟ್ಟುವು. ದ್ವೀಪದ ಹಾಯಿಹಡಗುಗಳು ತೆಂಗಿನ ನಾರಿನ ಹಗ್ಗವನ್ನು ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದುವು. ಅಕ್ಕಿಯನ್ನು ತುಂಬಿಕೊಂಡು ಹಿಂದಿರುಗುತ್ತಿದ್ದುವು. ಆಡಳಿತದ ಗಂಟು ಕಳಚಿದರೂ ವ್ಯಾಪಾರದ ಗಂಟು ಪೂರ್ತಿ ಕಳಚಿಲ್ಲ. ಹಳೆಯ ಬಂದರಿನ ಮಂಜಿಗಳು ತರಕಾರಿ, ದಿನಸಿ, ಕಟ್ಟಡದ ಸಾಮಾನುಗಳನ್ನು ಇಂದಿಗೂ ಅಲ್ಲಿಗೆ ಒಯ್ಯುತ್ತವೆ.

ಒಯ್ಯದೆ ಗತಿಯೂ ಇಲ್ಲ. ಹವಳದ ಪುಡಿಯಿಂದಾದ ಆ ಮಣ್ಣಿನಲ್ಲಿ ಬತ್ತ ಬೆಳೆಯದು. ದ್ವೀಪದವರಿಗೆ ತಮ್ಮದೆನ್ನುವ ಆಹಾರ ಎರಡೇ: ತೆಂಗು ಮತ್ತು ಮೀನು. ಈ ಎರಡರಿಂದ ಅವರು ಮಾಡಿಕೊಂಡಿರುವ ಸಂಸಾರವನ್ನು ನೋಡಿದರೆ ನಮ್ಮ ಗೃಹಿಣಿಯರು ತಲೆದೂಗಬೇಕು. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿರಸವನ್ನು ಕುದಿಸಿ ಬೆಲ್ಲ ಮಾಡುತ್ತಾರೆ. ಹುಳಿಯಲು ಬಿಟ್ಟರೆ ಅದೇ ರಸ ಅಡುಗೆಯ ಹುಳಿನೀರಾಗುತ್ತದೆ. ಕಾಯಿತುರಿಯನ್ನು ಆ ಬೆಲ್ಲದಲ್ಲಿ ಬೇಯಿಸಿ, ಉಂಡೆಕಟ್ಟಿ, ಒಣಗಿದ ಎಲೆಯಲ್ಲಿ ಸುತ್ತಿಟ್ಟರೆ ಅದು ಅವರ ಹಲ್ವ. ದೂರ ಪ್ರಯಾಣಕ್ಕೆ ಬುತ್ತಿ.

ಮೀನಿನ ಕಥೆ ಇದಕ್ಕಿಂತ ದೊಡ್ಡದು. ಒಂಬತ್ತು ಡಿಗ್ರಿ ಕಾಲುವೆಯ ಆಚೆ, ತೆಂಕಣ ತುದಿಯಲ್ಲಿ, ಮಿನಿಕಾಯ್ ದ್ವೀಪ ಒಂಟಿಯಾಗಿ ನಿಂತಿದೆ. ಅಲ್ಲಿಯ ನುಡಿ ಮಾಲ್ದೀವಿನದು. ಲಿಪಿ ಬಲದಿಂದ ಎಡಕ್ಕೆ ಸಾಗುವಂಥದು. 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಪ್ರವಾಸಿಗಳು ಹತ್ತಿ ನೋಡುತ್ತಾರೆ. ಅದರ ಬುಡದಲ್ಲೇ ನಡೆಯುವ ‘ಮಾಸ್’ ತಯಾರಿಯನ್ನು ನೋಡುವವರು ಕಡಿಮೆ. ಮಲಯಾಳಿಗಳು ಚೂರ ಎನ್ನುವ ಟ್ಯೂನಾ ಮೀನನ್ನು ಉದ್ದುದ್ದ ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಗೆ ಒಡ್ಡಿ, ಬಿಸಿಲಿಗೆ ಹಾಕುತ್ತಾರೆ. ಮತ್ತೆ ಹೊಗೆ, ಮತ್ತೆ ಬಿಸಿಲು. ಕೊನೆಗೆ ಅದು ಕರಿಮರದ ತುಂಡಿನಂತೆ ಗಟ್ಟಿಯಾಗಿ, ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಲ್ದೀವಿನಲ್ಲಿ ನೆಲಸಿದ್ದ ಇಬ್ನ್ ಬತೂತನು ಈ ಬಗೆಯ ಮೀನನ್ನು ತನ್ನ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ಮೀನು ಬೆಂದ ನೀರನ್ನೂ ಚೆಲ್ಲುವುದಿಲ್ಲ. ಬತ್ತಿಸಿ ಕಂದುಬಣ್ಣದ ಗಟ್ಟಿ ಸಾರವನ್ನಾಗಿ ಮಾಡಿ ಅನ್ನಕ್ಕೆ ಕಲಸುತ್ತಾರೆ.

ಈ ಮೀನನ್ನು ಹಿಡಿಯುವ ಬಗೆಯಲ್ಲಿಯೇ ದ್ವೀಪದ ಇಂದಿನ ಚಿಂತೆ ಅಡಗಿದೆ. ಬಲೆ ಬೀಸಿ ಟ್ಯೂನಾವನ್ನು ರಾಶಿಗಟ್ಟಲೆ ಬಾಚುವುದು ಅಲ್ಲಿಯ ಪದ್ಧತಿಯಲ್ಲ. ಮೊದಲು ಹವಳದಿಬ್ಬದ ಒಳಗಿನ ತಿಳಿನೀರಿನಲ್ಲಿ ಬೆರಳುದ್ದದ ಸಣ್ಣಮೀನುಗಳನ್ನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಟ್ಯೂನಾ ಹಿಂಡು ಕಂಡೊಡನೆ ಅವನ್ನು ನೀರಿಗೆ ಎರಚುತ್ತಾರೆ. ಹಿಂಡು ಮುಗಿಬಿದ್ದಾಗ ಉದ್ದನೆಯ ಕೋಲಿನ ತುದಿಯ ಗಾಳದಿಂದ ಒಂದೊಂದನ್ನೇ ಎತ್ತಿ ದೋಣಿಗೆ ಎಸೆಯುತ್ತಾರೆ. ಮಿನಿಕಾಯಿಯ ಈ ವಿದ್ಯೆ 1960ರ ದಶಕದಲ್ಲಿ ಉಳಿದ ದ್ವೀಪಗಳಿಗೂ ಹಬ್ಬಿತು. ಹೊರಗಡಲಿನ ಟ್ಯೂನಾ ಸಿಕ್ಕುವಷ್ಟು ಕಾಲ ಹವಳದಿಬ್ಬದ ಮೀನುಗಳಿಗೆ ಉಸಿರಾಡಲು ಅವಕಾಶ.

ಆ ಸಣ್ಣಮೀನು ಬದುಕುವ ನೀರೂ ಪ್ರವಾಸಿಯು ದುಡ್ಡು ತೆತ್ತು ನೋಡಬರುವ ಪಚ್ಚೆಬಣ್ಣದ ನೀರೂ ಒಂದೇ. 1998, 2010, 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿಯ ಹವಳಗಳು ಬಿಳಚಿದುವು. ಇದರ ಮೇಲೆ ಧಕ್ಕೆಗಾಗಿ ತಳ ತೋಡುವುದು, ಹೋಟೆಲಿನ ಕೊಳೆನೀರು ಸೇರುವುದು ಕೂಡಿಕೊಂಡರೆ ಮೊದಲ ಪೆಟ್ಟು ತಗಲುವುದು ಬೆರಳುದ್ದದ ಮೀನಿಗೆ. ಅದು ಹೋದರೆ ಟ್ಯೂನಾಕ್ಕೆ ಎರಚುವುದೇನನ್ನು? ಊಟದ ಮೇಜಿನ ಮೇಲೆ ಹವಳದಿಬ್ಬದ ಇಡೀ ಮೀನನ್ನು ಹುರಿದು ತರಿಸುವ ಅತಿಥಿಗೆ ಈ ಲೆಕ್ಕ ತಿಳಿದಿರುವುದಿಲ್ಲ.

ಕುಡಿಯುವ ನೀರಿನದೂ ಹೀಗೆಯೇ. ಮಳೆಯ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಪಂಪಿನಿಂದ ಹೆಚ್ಚು ಎಳೆದರೆ ಬಾವಿಯೇ ಉಪ್ಪಾಗುತ್ತದೆ. 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಲಕ್ಷ ಲೀಟರು ಕಡಲನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಹೂಡಿದ್ದು ದ್ವೀಪದವರ ಸಲುವಾಗಿ. ಪ್ರವಾಸಿಯ ಸ್ನಾನದ ತೊಟ್ಟಿಯ ಸಲುವಾಗಿ ಅಲ್ಲ.

ಹೊರಗಿನವರು ಅನುಮತಿಪತ್ರವಿಲ್ಲದೆ ಕಾಲಿಡಕೂಡದೆಂಬ ನಿಯಮವನ್ನು ಹಲವರು ಕಿರುಕುಳವೆನ್ನುತ್ತಾರೆ. 32 ಚದರ ಕಿಲೋಮೀಟರಿನ ನೆಲಕ್ಕೆ ಅದು ಬೇಲಿ, ಇರುವುದೇ ಲೇಸು. ಹೋಗುವವರು ಹೋಗಲಿ, ದುಡ್ಡು ದ್ವೀಪಕ್ಕೂ ಬೇಕು. ಹೋದಲ್ಲಿ ಟ್ಯೂನಾವನ್ನೇ ಕೇಳಿ ಉಣ್ಣಲಿ. ಬರುವಾಗ ಶಂಖ, ಹವಳಗಳಿಗೆ ಕೈಹಾಕದೆ ಒಂದು ತುಂಡು ಮಾಸ್ ಕೊಂಡುತರಲಿ. ಅದನ್ನು ಕುಟ್ಟಿ ಪುಡಿಮಾಡಿ, ಕಾಯಿತುರಿ, ಈರುಳ್ಳಿ, ಅರಿಸಿನದೊಡನೆ ಬಾಡಿಸಿದರೆ ಬಿಸಿ ಅನ್ನಕ್ಕೆ ಸೊಗಸು. ಮೇ ನಡುವಿನಿಂದ ಸೆಪ್ಟೆಂಬರಿನವರೆಗೆ ಕಡಲು ಕೆರಳಿ ಸಣ್ಣ ಹಡಗುಗಳು ನಿಂತಾಗ, ದ್ವೀಪದ ಮನೆಗಳಲ್ಲಿ ಮಂಗಳೂರಿನಿಂದ ಬಂದ ಅಕ್ಕಿಗೆ ಜತೆಯಾಗುವುದು ಅದೇ ಪುಡಿ.