ಇಪ್ಪತ್ತೊಂದು ತುಂಬೋ ತನಕ ಹಾಡು ಕೇಳೋದೆಲ್ಲಿ?

ಹತ್ತೊಂಬತ್ತು ವರ್ಷಕ್ಕೆ ನಮಗೆ ವೋಟಿದೆ, ಡಿಎಲ್ ಇದೆ, ಬೇಕಾದಷ್ಟು ಬ್ಯಾಕ್‌ಲಾಗ್ ಇಟ್ಕೊಳ್ಳೋ ಸ್ವಾತಂತ್ರ್ಯವೂ ಇದೆ. ಆದರೆ ಶನಿವಾರ ರಾತ್ರಿ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಕನ್ನಡ ಬ್ಯಾಂಡ್ ಹೊಸ ಹಾಡು ನುಡಿಸ್ತಾ ಇದ್ದರೆ ಒಳಗೆ ಹೋಗಿ ಕೇಳುವ ಹಾಗಿಲ್ಲ. ಯಾಕಂದ್ರೆ ಗಿಗ್ ನಡೆಯೋದು ಪಬ್ಬಲ್ಲಿ, ಪಬ್ಬಿನ ಬಾಗಿಲಲ್ಲಿ ಆಧಾರ್ ಕೇಳ್ತಾರೆ, ಹೆಚ್ಚಿನ ಕಡೆ ಇಪ್ಪತ್ತೊಂದು ತುಂಬಿರಬೇಕು. "ಅಣ್ಣಾ, ನಾವು ಕುಡಿಯಲ್ಲ, ಹಾಡು ಕೇಳ್ಕೊಂಡು ಹೋಗ್ತೀವಿ" ಅಂದರೆ ಅಲ್ಲಿ ನಿಂತಿರೋ ಅಣ್ಣ ನಗ್ತಾರೆ. ಪಾಪ, ಅವರ ಕೆಲಸ ಅವರು ಮಾಡ್ತಾರೆ.

ನಾವು ಅಂದ್ರೆ ಮೂರನೇ ಬೆಂಚಿನ ನಾಲ್ಕು ಜನ. ನಾಲ್ವರ ಪ್ಲೇಲಿಸ್ಟೂ ಬೇರೆ ಬೇರೆ. ಒಬ್ಬನಿಗೆ ಮೆಟಲ್, ಒಬ್ಬಳಿಗೆ ಸಂಜಿತ್ ಹೆಗ್ಡೆ, ಒಬ್ಬನಿಗೆ ಆಲ್ ಓಕೆಯಿಂದ ಹಿಡಿದು ನಿನ್ನೆ ಮೊನ್ನೆ ಶುರು ಮಾಡಿದ ರ್‍ಯಾಪರ್‌ಗಳ ತನಕ ಎಲ್ಲರೂ. ಇನ್ನೊಬ್ಬಳಿಗೆ ಅಪ್ಪನ ಕಾಲದ ಭಾವಗೀತೆ. ನಾಲ್ವರಿಗೂ ಸಮನಾಗಿ ಇರೋದು ಈ ಒಂದೇ ತಕರಾರು: ನಮ್ಮ ವಯಸ್ಸಿನವರಿಗೆ ಅಂತಲೇ ಹೊಸ ಹಾಡು ಬರ್ತಾ ಇವೆ, ಆದ್ರೆ ಅವನ್ನ ಎದುರಿಗೆ ನಿಂತು ಕೇಳೋಕೆ ನಮಗೆ ಜಾಗ ಇಲ್ಲ.

ಈ ಊರಿಗೆ ಸಂಗೀತದ ಊರು ಅನ್ನೋ ಹೆಸರಿದೆ. ಆ ಹೆಸರನ್ನ ಉಳಿಸಿಕೊಳ್ಳೋದೂ ಸುಲಭ ಆಗಿಲ್ಲ. ಹೋಟೆಲು, ಬಾರುಗಳಲ್ಲಿ ಲೈವ್ ಸಂಗೀತ ಇಡಬೇಕಾದ್ರೆ ಲೈಸೆನ್ಸ್ ಬೇಕು ಅಂತ 2005ರಲ್ಲಿ ಒಂದು ಆದೇಶ ಬಂತು. ವರ್ಷಗಟ್ಟಲೆ ಕೋರ್ಟಲ್ಲಿ ನಡೆದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಇಂದಿರಾನಗರದ 'ದ ಹಮ್ಮಿಂಗ್ ಟ್ರೀ' ಅನ್ನೋ ಜಾಗದ ಬಗ್ಗೆ ನಮ್ಮ ಅಕ್ಕಂದಿರು, ಕಸಿನ್‌ಗಳು ಇವತ್ತಿಗೂ ಕಥೆ ಹೇಳ್ತಾರೆ. 2013ರಲ್ಲಿ ಶುರುವಾಗಿ, ಎಷ್ಟೋ ಬ್ಯಾಂಡುಗಳಿಗೆ ಮೊದಲ ವೇದಿಕೆಯಾಗಿ, 2019ರಲ್ಲಿ ಮುಚ್ಚಿತು. ಆಗ ನಮ್ಮಲ್ಲಿ ಯಾರೂ ಹೈಸ್ಕೂಲೂ ಮುಗಿಸಿರಲಿಲ್ಲ. ಅಂದ್ರೆ ಒಂದು ಜಾಗ ಹುಟ್ಟಿ, ದೊಡ್ಡದಾಗಿ, ಮುಚ್ಚಿಹೋಗೋ ಅಷ್ಟರಲ್ಲಿ ನಮಗೆ ಒಳಗೆ ಹೋಗೋ ವಯಸ್ಸೇ ಬರಲಿಲ್ಲ.

ದೊಡ್ಡ ಮೈದಾನಗಳ ಕಥೆ ಬೇರೆ. ಅಲ್ಲಿ ವಯಸ್ಸಿನ ಪ್ರಶ್ನೆ ಕಮ್ಮಿ, ದುಡ್ಡಿನ ಪ್ರಶ್ನೆ ಜಾಸ್ತಿ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಮುಂಬೈಗೆ ಬಂದಾಗ ಟಿಕೆಟ್ ಶುರುವಾಗಿದ್ದೇ ₹2,500ರಿಂದ, ಹೋಗಿ ನಿಂತಿದ್ದು ₹35,000ದ ಹತ್ತಿರ. ಅದರ ಮೇಲೆ ರೈಲು, ರೂಮು, ಊಟ. ನಮ್ಮ ಮೆಸ್ ಬಿಲ್ ನೆನಪಾಗಿ ಫೋನ್ ಪಕ್ಕಕ್ಕಿಟ್ವಿ.

ಆದ್ರೂ ಬೆಂಗಳೂರಿನ ಅರಮನೆ ಮೈದಾನದ ಬಗ್ಗೆ ನಮಗೊಂದು ವಿಷಯ ತುಂಬಾ ಇಷ್ಟ. 2007ರಲ್ಲಿ ಐರನ್ ಮೇಡನ್ ಬಂದಿದ್ದು ಅಲ್ಲಿಗೇ. 2011ರಲ್ಲಿ ಮೆಟಾಲಿಕಾ ಬಂದಿದ್ದೂ ಅಲ್ಲಿಗೇ. ಗುರುಗ್ರಾಮದ ಶೋ ನಡೆಯದೇ ಹೋಗಿ, ಭಾರತದಲ್ಲಿ ಅವರು ಮೊದಲು ನುಡಿಸಿದ ಊರು ನಮ್ಮದಾಯ್ತು. ನಮ್ಮ ಮೆಟಲ್ ಗೆಳೆಯ ಇದನ್ನ ವಾರಕ್ಕೊಂದು ಸಲ ಹೇಳ್ತಾನೆ. ಅವನಿಗೆ ಭಾವಗೀತೆ ಗೆಳತಿ ಕೊಡೋ ಉತ್ತರವೂ ಅಷ್ಟೇ ಹಳೇದು: "ಅವರಿಬ್ಬರಿಗಿಂತ ಮೊದಲೇ, 2005ರಲ್ಲಿ, ಅದೇ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ಮಾಡಿದ್ರು ಕಣೋ. ಸಿನಿಮಾ ಹಾಡಲ್ಲ, ಕವಿತೆ ಕೇಳೋಕೆ ಅಷ್ಟು ಜನ ಸೇರಿದ್ರು." ಇಬ್ಬರೂ ಸರಿ. ಒಂದೇ ಮಣ್ಣಲ್ಲಿ ಏಳು ವರ್ಷದೊಳಗೆ ಕುವೆಂಪು, ಬೇಂದ್ರೆಯವರ ಪದ್ಯಕ್ಕೂ ಜನ ಸೇರಿದ್ದಾರೆ, ಮೆಟಾಲಿಕಾಗೂ ಸೇರಿದ್ದಾರೆ. ಹಾಗಾಗಿ ಕನ್ನಡಕ್ಕೆ ಲೈವ್ ಆಡಿಯೆನ್ಸ್ ಇಲ್ಲ ಅನ್ನೋ ಮಾತನ್ನ ನಾವು ಒಪ್ಪಲ್ಲ.

ಪುಕ್ಕಟೆ ಕೇಳೋ ದಾರಿಗಳೂ ಇವೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ ನಮ್ಮಲ್ಲಿ ಮುಕ್ಕಾಲು ಪಾಲು ಜನ ನೋಡಿದ ಮೊದಲ ಲೈವ್ ಶೋ. ರಸ್ತೆಗೆ ಅಡ್ಡ ಪೆಂಡಾಲ್ ಹಾಕಿ, ಸೀರಿಯಲ್ ಲೈಟ್ ಬಿಟ್ಟು, ರಾಜ್‌ಕುಮಾರ್ ಹಾಡಿಂದ ಶುರುಮಾಡಿ, ಕೊನೆಗೆ ಹುಡುಗರ ಡ್ಯಾನ್ಸ್‌ವರೆಗೆ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳಿವೆ. ಮಂಡಳಿ ಶುರುವಾಗಿದ್ದು 1939ರಲ್ಲಿ. ಇಂಥ ಜಾಗದಲ್ಲಿ ವಯಸ್ಸು ಕೇಳಲ್ಲ. ಅಜ್ಜಿ, ಮೊಮ್ಮಗು, ಕಡಲೆಕಾಯಿ ಮಾರೋರು ಎಲ್ಲರೂ ಕೇಳುಗರೇ. ಆದ್ರೆ ಅಲ್ಲಿ ಹಾಡೋದು ಜನಕ್ಕೆ ಆಗಲೇ ಗೊತ್ತಿರೋ ಹಾಡುಗಳನ್ನ. ಹೊಸ ಹಾಡಿಗೆ ಅಲ್ಲಿ ಸರದಿ ಬರೋದು ಅಪರೂಪ. ಹಾಗಂತ ರಸ್ತೆ ಬದಿ ನಿಂತು ಹಾಡೋಣ ಅಂದ್ರೆ, 2025ರ ಫೆಬ್ರವರಿಯಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಆಗಿದ್ದು ಎಲ್ಲರೂ ನೋಡಿದ್ದೀರ. ಎಡ್ ಶೀರನ್ ಫುಟ್‌ಪಾತಲ್ಲಿ ಗಿಟಾರ್ ಹಿಡಿದು ಹಾಡ್ತಾ ಇರುವಾಗಲೇ ಪೊಲೀಸರು ಮೈಕಿನ ವೈರು ಕಿತ್ತರು. ಪರ್ಮಿಷನ್ ಇತ್ತು, ಇರಲಿಲ್ಲ ಅನ್ನೋ ವಾದ ಆಮೇಲೆ ನಡೀತು. ಪ್ರಪಂಚ ಸುತ್ತೋ ಗಾಯಕನಿಗೇ ಹಾಗಾದ್ರೆ ನಮ್ಮ ಹಾಸ್ಟೆಲ್ ಹುಡುಗರ ಗತಿ ಏನು ಹೇಳಿ.

ಇನ್ನು ಹೊಸ ಹಾಡು. ಅದು ಸಿಗೋದಂತೂ ಈಗ ತುಂಬಾ ಸುಲಭ. 2015ರಿಂದ ಪ್ರಪಂಚದ ಹೆಚ್ಚಿನ ಕಡೆ ಹೊಸ ಹಾಡು ಬರೋದು ಶುಕ್ರವಾರ. ಕನ್ನಡದಲ್ಲೂ ವಾರ ವಾರ ಏನಾದ್ರೂ ಬರ್ತಾನೇ ಇರುತ್ತೆ. ಮುಕ್ಕಾಲು ಪಾಲು ಸಿನಿಮಾದ ಲಿರಿಕಲ್ ವಿಡಿಯೋ. ಉಳಿದ ಕಾಲು ಪಾಲು ನಮಗೆ ಮುಖ್ಯ: ಹೀರೋ ಇಲ್ಲದ, ಕಥೆಗೆ ಸಂಬಂಧ ಇಲ್ಲದ, ಯಾರೋ ಒಬ್ಬರು ತಾವೇ ಬರೆದು ತಾವೇ ಹಾಡಿದ ಹಾಡು. ಸಿನಿಮಾಗೆ ಹಾಡಿ ಹೆಸರು ಮಾಡಿದ ಸಂಜಿತ್ ಹೆಗ್ಡೆ 'ನಂಗೆ ಅಲ್ಲವಾ' ಥರದ ಸ್ವಂತ ಹಾಡು ಬಿಟ್ಟಾಗ ಅದು ಎಲ್ಲರಿಗೂ ಮುಟ್ಟಿತು. ಹೆಸರಿಲ್ಲದವರು ಬಿಟ್ಟರೆ?

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ಇಂಜಿನಿಯರಿಂಗ್ ಕಾಲೇಜಲ್ವಾ, ಸಹಿಸ್ಕೊಳ್ಳಿ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದ್ರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ 2024ರಿಂದ ಅಲ್ಲಿ ರಾಯಲ್ಟಿಯೇ ಇಲ್ಲ. ಮೊದಲ ನಿಯಮದಿಂದ ಹಾಡು ಬರೆಯೋ ರೀತಿ ಬದಲಾಗುತ್ತೆ: ಆಲಾಪ, ಪೀಠಿಕೆ ಯಾವುದಕ್ಕೂ ಟೈಮ್ ಇಲ್ಲ, ಬಂದ ತಕ್ಷಣ ಹುಕ್ ಹೊಡೀಬೇಕು. ಎರಡನೇ ನಿಯಮದಿಂದ ಹೊಸಬರಿಗೆ ಸಿಗೋ ಚಿಲ್ಲರೆಯೂ ಹೋಯ್ತು.

ನಮ್ಮ ಕಾಲೇಜಲ್ಲೇ ಇದಕ್ಕೊಂದು ಉದಾಹರಣೆ ಇದೆ. ಫೈನಲ್ ಇಯರ್ ಮೆಕ್ಯಾನಿಕಲ್‌ನ ಒಬ್ಬ ಅಣ್ಣ ಕನ್ನಡದಲ್ಲಿ ಹಾಡು ಬರೀತಾರೆ. ಹೆಸರು ಹಾಕಬೇಡ್ರೋ ಅಂದಿದ್ದಾರೆ, ಹಾಕಲ್ಲ. ಮೆಜೆಸ್ಟಿಕ್‌ನಿಂದ ಶನಿವಾರ ರಾತ್ರಿ ಊರಿಗೆ ಹೋಗೋ ಕೊನೇ ಬಸ್ಸಿನ ಮೇಲೆ ಅವರದ್ದೊಂದು ಹಾಡಿದೆ. ಸೀಟು ಸಿಗದೆ ಇಂಜಿನ್ ಬಾನೆಟ್ ಮೇಲೆ ಕೂತ ಹುಡುಗನ ಕಥೆ. ನಿಧಾನಕ್ಕೆ ಶುರುವಾಗುತ್ತೆ, ಬಸ್ಸು ಹೊರಡೋಕೇ ಒಂದು ನಿಮಿಷ ಬೇಕು. ಹಾಸ್ಟೆಲ್ ರೂಮಲ್ಲಿ ಹೊದಿಕೆ ಕಟ್ಟಿ ರೆಕಾರ್ಡ್ ಮಾಡಿ ಆಪ್‌ಗಳಲ್ಲಿ ಬಿಟ್ಟರು. ಗೆಳೆಯರೆಲ್ಲ ಸ್ಟೇಟಸ್ ಹಾಕಿದ್ವಿ. ವರ್ಷ ಆಯ್ತು, ಸಾವಿರ ಮುಟ್ಟಿಲ್ಲ.

ಆದ್ರೆ ಅದೇ ಹಾಡನ್ನ ಅವರು ಹಾಸ್ಟೆಲ್ ಟೆರೇಸ್ ಮೇಲೆ ಹಾಡಿದ ಸಂಜೆ ನಾವು ಹನ್ನೊಂದು ಜನ ಇದ್ವಿ. ಮೈಕಿಲ್ಲ, ನೀರಿನ ಟ್ಯಾಂಕಿಗೆ ಒರಗಿ ಕೂತು ಗಿಟಾರ್. ಫೋನಲ್ಲಾಗಿದ್ರೆ ಬೆರಳು ಮುಂದಕ್ಕೆ ತಳ್ಳುತ್ತಿದ್ದ ಆ ನಿಧಾನದ ಒಂದು ನಿಮಿಷ ಇದೆಯಲ್ಲ, ಅಲ್ಲೇ ಎಲ್ಲರೂ ಸುಮ್ಮನಾಗಿದ್ದು. ಎರಡನೇ ಚರಣ ಬರುವಷ್ಟರಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಮುಗಿದ ಮೇಲೆ "ಅಣ್ಣಾ, ಇನ್ನೊಂದ್ಸಲ" ಅಂತ ಕೇಳಿದವನೂ ಅವನೇ. ಎರಡನೇ ಸಲ ನಾವೂ ಪಲ್ಲವಿಗೆ ದನಿ ಸೇರಿಸೋಕೆ ನೋಡಿದ್ವಿ, ಮೇಲಿನ ಸ್ವರ ಯಾರಿಗೂ ಹತ್ತಲಿಲ್ಲ. ಅಣ್ಣ ಅದನ್ನ ಗಮನಿಸಿದ್ರು. ಮುಂದಿನ ವಾರ ಶ್ರುತಿ ಇಳಿಸಿ, ಕೊನೇ ಪಲ್ಲವಿ ಒಂದು ಸಲ ಕಮ್ಮಿ ಮಾಡಿ ಹಾಡಿದ್ರು. ಹಾಡು ಮೊದಲಿಗಿಂತ ಚೆನ್ನಾಗಿತ್ತು. ಒಂದು ವರ್ಷದ ಸ್ಟ್ರೀಮ್ ಗ್ರಾಫ್ ಹೇಳದೇ ಇದ್ದಿದ್ದನ್ನ ಹನ್ನೊಂದು ಜನರ ಗಂಟಲು ಒಂದೇ ಸಂಜೆ ಹೇಳಿತ್ತು.

ಲೈವ್ ಗಿಗ್ ಅಂದ್ರೆ ನಮಗೆ ಇದು. ಲೈಟು, ಹೊಗೆ, ಡ್ರೋನ್ ಎಲ್ಲ ಇದ್ದರೆ ಖುಷಿಯೇ. ಆದ್ರೆ ಹೊಸ ಹಾಡು ಹಾಡಾಗಿ ಬೆಳೆಯೋಕೆ ಎದುರಿಗೆ ಜನ ಬೇಕು, ತಾಳ್ಮೆ ಇರೋ ಜನ. ಶಿಶುನಾಳ ಶರೀಫರನ್ನೇ ನೋಡಿ. ಅವರ ಕಾಲ 1819ರಿಂದ 1889. ರೆಕಾರ್ಡಿಂಗ್ ಇಲ್ಲ, ರಿಲೀಸ್ ಇಲ್ಲ. ಕೇಳಿದವರು ಇನ್ನೊಬ್ಬರ ಎದುರು ಹಾಡಿದ್ದರಿಂದ ಪದಗಳು ಉಳಿದವು. ಆಮೇಲೆ ಅಶ್ವಥ್ ಹಾಡಿದ್ರು, 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್‌ನಲ್ಲಿ ಶರೀಫರು ಎಲೆಕ್ಟ್ರಿಕ್ ಗಿಟಾರ್ ಜೊತೆ ಬಂದ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ತತ್ವಪದ ಮೊದಲು ಸಿಕ್ಕಿದ್ದು ಪಾಠದಲ್ಲಲ್ಲ, ಆ ಗಿಟಾರಿನ ಹಿಂದೆ. ಅರ್ಥ ಆಮೇಲೆ ಹುಡುಕಿಕೊಂಡ್ವಿ. ಒಂದು ಭಾಷೆಯಲ್ಲಿ ಹೊಸ ಹಾಡು ನಿಂತುಹೋದ್ರೆ ನಮ್ಮಂಥವರು ಒಳಗೆ ಬರೋ ಒಂದು ಬಾಗಿಲು ಮುಚ್ಚಿದ ಹಾಗೆ.

ಹಾಗಾದ್ರೆ ಹತ್ತೊಂಬತ್ತರವರಿಗೆ ಜಾಗ ಎಲ್ಲಿ? ವಯಸ್ಸು ಕೇಳದ, ಟಿಕೆಟ್ ಇಲ್ಲದ, ಒಳ್ಳೇ ಸ್ಪೀಕರ್ ಇರೋ, ಹುಡುಗರೇ ನಡೆಸೋ ವೇದಿಕೆ ಊರಲ್ಲಿ ಒಂದೇ ಉಳಿದಿದೆ. ಕಾಲೇಜ್ ಫೆಸ್ಟ್.

ಫೆಸ್ಟಲ್ಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬಜೆಟ್‌ನ ದೊಡ್ಡ ಪಾಲು ಸೆಲೆಬ್ರಿಟಿ ನೈಟ್‌ಗೆ. ಕಾಲೇಜ್ ಬ್ಯಾಂಡಿಗೆ ಸಂಜೆ ಐದೂವರೆಯ ಸ್ಲಾಟ್ ಅಂತ ಪೋಸ್ಟರಲ್ಲಿ ಇರುತ್ತೆ. ಸ್ಟಾರ್ ಟೀಮಿನ ಸೌಂಡ್‌ಚೆಕ್ ಆ ಟೈಮ್ ತಿಂದು ಹಾಕುತ್ತೆ. ರಾತ್ರಿ ಹತ್ತಕ್ಕೆ ಸ್ಪೀಕರ್ ಆಫ್ ಆಗಲೇಬೇಕು, ಅದು ದೇಶದ ಶಬ್ದಮಾಲಿನ್ಯದ ನಿಯಮ. ಹಿಂದಕ್ಕೆ ತಳ್ಳೋಕೆ ಆಗದಿದ್ದಾಗ ಕತ್ತರಿ ಬೀಳೋದು ಯಾರಿಗೆ? ಹೋದ ವರ್ಷ ನಮ್ಮ ಬ್ಯಾಂಡ್ ನಾಲ್ಕು ಹಾಡು ರೆಡಿ ಮಾಡ್ಕೊಂಡಿತ್ತು, ಹಾಡಿದ್ದು ಒಂದು. ಆಮೇಲೆ ಸ್ಟಾರ್ ಬಂದಾಗ ಹಿಂದಿನಿಂದ "ಕನ್ನಡ, ಕನ್ನಡ" ಅಂತ ಕೂಗು. ಕೂಗೋದು ತಪ್ಪಲ್ಲ, ಕೇಳೋ ಹಕ್ಕಿದೆ. ಆದ್ರೆ ಕನ್ನಡದಲ್ಲೇ ಬರೆದ ಹಾಡು ಇಟ್ಕೊಂಡು ಸ್ಟೇಜ್ ಹಿಂದೆ ಕೇಬಲ್ ಸುತ್ತುತ್ತಾ ಇದ್ದವರಿಗೆ ಆ ಕೂಗು ಹೇಗೆ ಕೇಳಿಸಿರಬೇಡ?

ಸೆಲೆಬ್ರಿಟಿ ಬೇಡ ಅಂತ ನಾವು ಹೇಳ್ತಾ ಇಲ್ಲ. ಬರಲಿ, ಕುಣಿಯೋಣ. ನಮ್ಮದು ಚಿಕ್ಕ ಪ್ರಸ್ತಾವ. ಮುಖ್ಯ ವೇದಿಕೆಯಲ್ಲಿ, ಕತ್ತಲಾದ ಮೇಲೆ, ಜನ ಸೇರಿದ ಮೇಲೆ 40 ನಿಮಿಷ. ಆರು ಮುಕ್ಕಾಲಿಂದ ಏಳು ಇಪ್ಪತ್ತೈದು ಅಂತಿಟ್ಕೊಳ್ಳಿ. ವಿದ್ಯಾರ್ಥಿಗಳು ತಾವೇ ಬರೆದ ಕನ್ನಡ ಹಾಡುಗಳು ಮಾತ್ರ, ಕವರ್ ಇಲ್ಲ, ಮೈನಸ್ ಟ್ರ್ಯಾಕ್ ಇಲ್ಲ. ರ್‍ಯಾಪ್ ಆಗಲಿ, ಮೆಟಲ್ ಆಗಲಿ, ತಂಬೂರಿ ಆಗಲಿ. ಸೌಂಡ್‌ಚೆಕ್ ಬೆಳಿಗ್ಗೆಯೇ ಮುಗಿಸಿ ಸೆಟ್ಟಿಂಗ್ ಸೇವ್ ಮಾಡಿಡೋದು. ಡಿಜಿಟಲ್ ಮಿಕ್ಸರ್ ಇದ್ರೆ ಇದಕ್ಕೆ ಖರ್ಚಿಲ್ಲ. ಆ ಸ್ಲಾಟನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ಕಮಿಟಿ ಮಿನಿಟ್ಸಲ್ಲಿ ಬರೆಸೋದು. ಇಷ್ಟೇ.

ಕೇಳೋರ ಕಡೆಯಿಂದಲೂ ಒಂದು ಕೆಲಸ ಇದೆ. ಗೊತ್ತಿಲ್ಲದ ಹಾಡಿಗೆ ಮೂರು ನಿಮಿಷ ನಿಲ್ಲೋದು. ಇಷ್ಟ ಆಗದಿದ್ರೆ ಚಪ್ಪಾಳೆ ಹೊಡೀಬೇಡಿ, ಪರವಾಗಿಲ್ಲ, ಆದ್ರೆ ಎರಡನೇ ಚರಣದ ತನಕ ಇರಿ.

ಅವಸರ ಯಾಕೆ ಅಂದ್ರೆ, ಬಸ್ಸಿನ ಹಾಡಿನ ಅಣ್ಣನಿಗೆ ಪ್ಲೇಸ್‌ಮೆಂಟ್ ಆಗಿದೆ. ಜುಲೈಗೆ ಪುಣೆ. ಗಿಟಾರ್ ಊರಲ್ಲೇ ಬಿಟ್ಟು ಹೋಗ್ತೀನಿ, ಸಾವಿರ ಜನಕ್ಕೂ ಬೇಡದ ಹಾಡು ಯಾಕ್ ಬಿಡ್ರೋ ಅಂತಾರೆ. ಆಪ್‌ನಲ್ಲಿ ಸಿಗದ ಆ ಸಾವಿರ ಜನ ಫೆಸ್ಟ್ ದಿನ ನಮ್ಮ ಗ್ರೌಂಡಲ್ಲೇ ಇರ್ತಾರೆ.

ಕಮಿಟಿ ಮೀಟಿಂಗ್ ಮುಂದಿನ ತಿಂಗಳು. ಕನ್ನಡ ಸಂಘದ ಹೆಸರಲ್ಲಿ ಲೆಟರ್ ಟೈಪ್ ಆಗಿದೆ, ಸಹಿ ಹಾಕೋರು ಲೈಬ್ರರಿ ಪಕ್ಕದ ರೂಮಿಗೆ ಬನ್ನಿ. ವಿಷಯ ಅಣ್ಣನಿಗೂ ಹೇಳಿದ್ವಿ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಸ್ಟೇಜ್ ಮಾನಿಟರ್ ಕೊಡ್ತಾರೇನ್ರೋ? ಹೋದ್ಸಲ ನನ್ನ ದನಿ ನಂಗೇ ಕೇಳಿಸ್ಲಿಲ್ಲ" ಅಂದ್ರು. ಕೊಡಿಸ್ತೀವಿ ಅಂದಿದ್ದೀವಿ.