ಪೊಲೀಸಪ್ಪನ ವೈಬ್ರಾಫೋನು

ಲೆಮ್ ವಿಂಚೆಸ್ಟರ್ ಬಗ್ಗೆ ನಾನು ಮೊದಲು ಓದಿದೆ, ಆಮೇಲೆ ಕೇಳಿದೆ. ಅದೇ ತಪ್ಪಾಯಿತು ನೋಡಿ.

ಕೇಳಿದ್ದು 'ವಿಂಚೆಸ್ಟರ್ ಸ್ಪೆಷಲ್' ಅನ್ನುವ ಆಲ್ಬಮ್ಮು. 1959ರಲ್ಲಿ ರೆಕಾರ್ಡ್ ಆದದ್ದು, ಎಷ್ಟೋ ವರ್ಷದ ಮೇಲೆ 'ಒರಿಜಿನಲ್ ಜಾಝ್ ಕ್ಲಾಸಿಕ್ಸ್' ಸರಣಿಯಲ್ಲಿ ಸಿಡಿಯಾಗಿ ಮತ್ತೆ ಬಂತು. ಹಾಗೆ ಬರದೇ ಇದ್ದಿದ್ದರೆ ಇಂಥವನೊಬ್ಬ ಇದ್ದ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ.

ಈತ ಅಮೆರಿಕದ ವಿಲ್ಮಿಂಗ್ಟನ್ನಿನಲ್ಲಿ ಪೊಲೀಸು! ಡ್ಯೂಟಿಯ ನಡುವೆ ಸಿಕ್ಕ ಹೊತ್ತಲ್ಲಿ ವೈಬ್ರಾಫೋನ್ ನುಡಿಸುತ್ತಿದ್ದ. ಅಲ್ಯೂಮಿನಿಯಂ ಪಟ್ಟಿಗಳ ಸಾಲು, ಕೆಳಗೆ ಕೊಳವೆಗಳು, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳು. ಹಾಗಾಗಿ ನಾದ ಅಲೆಅಲೆಯಾಗಿ ಬರುತ್ತದೆ. ಪೆಡಲ್ ಒತ್ತಿದರೆ ಸ್ವರ ಉಳಿಯುತ್ತದೆ, ಬಿಟ್ಟರೆ ಗಪ್‌ಚಿಪ್. ನಮಗೆ ಜಲತರಂಗ ನೆನಪಾಗಬಹುದು, ನೀರಿಲ್ಲ ಅಷ್ಟೆ :-)

1958ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದ ಮೇಲೆ ಹೆಸರಾಯಿತು. ಅದೇ ವರ್ಷ ತನ್ನೂರಿನವನೇ ಆದ, 25ಕ್ಕೇ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ನೆನಪಿಗೆ ಒಂದು ರೆಕಾರ್ಡು ಮಾಡಿದ. 1960ರಲ್ಲಿ ನೌಕರಿ ಬಿಟ್ಟ. ತಿಂಗಳ ಸಂಬಳ ನೆಚ್ಚಿಕೊಂಡು, ರಾತ್ರಿ ಕೂತು ಬರೆಯುವ ನನ್ನಂಥವರಿಗೆ ಆ ಸಾಲು ಓದುವಾಗಲೇ ಎದೆ ಧಸಕ್ಕೆನ್ನುತ್ತದೆ.

1961ರ ಜನವರಿ 13, ಇಂಡಿಯಾನಾಪೊಲಿಸ್. ರಿವಾಲ್ವರ್ ಹಿಡಿದು ಒಂದು ಚಮತ್ಕಾರ ತೋರಿಸಲು ಹೋಗಿ ಸತ್ತ. ಬರೀ 32 ವರ್ಷ. ಪೂರ್ತಿ ಕಲಾವಿದನಾಗಿ ಬದುಕಿದ್ದು ಹೆಚ್ಚೆಂದರೆ ಒಂದು ವರ್ಷ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಕೇಳಲು ಕೂತೆ. ಪ್ರತಿ ಸ್ವರದಲ್ಲೂ ಸಾವನ್ನೇ ಹುಡುಕಿದೆ. ಸಿಗಲಿಲ್ಲ! ಟೆನರ್ ಸ್ಯಾಕ್ಸಿಗೆ ಬೆನ್ನಿ ಗೋಲ್ಸನ್, ಪಿಯಾನೋಗೆ ಟಾಮಿ ಫ್ಲಾನಗನ್. ಅಂಥವರ ನಡುವೆ ಈತ ಒಂಚೂರೂ ಅಳುಕದೆ ನುಡಿಸುತ್ತಾನೆ. ಮಂಕ್ ರಚಿಸಿದ 'ಮಿಸ್ಟೀರಿಯೋಸೊ' ಬಂದಾಗ ಮಾತ್ರ, 1948ರಲ್ಲಿ ಮಂಕ್ ಜೊತೆ ಅದನ್ನು ನುಡಿಸಿದ್ದ ಮಿಲ್ಟ್ ಜಾಕ್ಸನ್ ಹಿಂದೆಯೇ ನಿಂತಿದ್ದಾನೇನೋ ಅನ್ನಿಸುತ್ತದೆ. ವೈಬ್ರಾಫೋನಿನವರಿಗೆ ಜಾಕ್ಸನ್ ಕಾಟ ತಪ್ಪಿದ್ದಲ್ಲ ಬಿಡಿ. ನನಗೆ ಹೆಚ್ಚು ಹಿಡಿಸಿದ್ದು ಅವನದೇ ರಚನೆ 'ಡೌನ್ ಫಜ್'. ಫಜ್ ಅಂದರೆ ಅಲ್ಲಿನ ಆಡುಮಾತಲ್ಲಿ ಪೊಲೀಸಪ್ಪ! ತನ್ನ ಖಾಕಿಯನ್ನು ತಾನೇ ಗೇಲಿ ಮಾಡಿಕೊಂಡ ಹಾಗಿದೆ. (ಅಲ್ಲಿ ಖಾಕಿ ಹಾಕುತ್ತಿದ್ದರೋ ಇಲ್ಲವೋ, ನಮ್ಮ ಲೆಕ್ಕದಲ್ಲಿ ಖಾಕಿ.)

ಆಮೇಲೆ ಹೊಳೆಯಿತು: ಈ ರೆಕಾರ್ಡಿಂಗ್ ಹೊತ್ತಿಗೆ ಅವನಿನ್ನೂ ನೌಕರಿಯಲ್ಲೇ ಇದ್ದ. ಸ್ಟುಡಿಯೋದಿಂದ ವಾಪಸ್ ಡ್ಯೂಟಿಗೆ ಹೋಗಬೇಕಿದ್ದ ಮನುಷ್ಯ ಇಷ್ಟು ಆರಾಮಾಗಿ ನುಡಿಸಿದ್ದಾನೆ.

ನೀವು ಕೇಳುವುದಾದರೆ 'ಡೌನ್ ಫಜ್'ನಿಂದಲೇ ಶುರು ಮಾಡಿ. ಅವನ ಕಥೆ ಗೊತ್ತಿಲ್ಲದೆ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ನಾನೇ ಎಲ್ಲ ಹೇಳಿಬಿಟ್ಟೆನಲ್ಲ, ಬೈಕೋಬೇಡಿ...